ಕರುಣೆಯ ಅಂಕಣದಿಂದ ಸುದ್ದಿಯ ಪುಟಕ್ಕೆ: ಅಂಗವಿಕಲ ಪತ್ರಕರ್ತರ ಇತಿಹಾಸದ ಕೆಲವು ಘಟ್ಟಗಳು

ವಿಶ್ವ ಅಂಗವಿಕಲರ ದಿನವಾದ ಡಿಸೆಂಬರ್ 3 ಬಂತೆಂದರೆ ಪತ್ರಿಕೆಗಳಲ್ಲಿ ಅಂಗವಿಕಲರ ಸಾಧನೆಯ ಕಥೆಗಳು ಸಾಲುಗಟ್ಟುತ್ತವೆ. ಕಾಲಿಲ್ಲದವರು ಬೆಟ್ಟ ಹತ್ತಿದ್ದು, ಕಣ್ಣು ಕಾಣದವರು ರ‍್ಯಾಂಕ್ ಪಡೆದದ್ದು. ಊರಿನ ತಾಲ್ಲೂಕು ಕಚೇರಿಗೆ ಇಳಿಜಾರು ದಾರಿ ಏಕಿಲ್ಲ ಎಂಬ ಪ್ರಶ್ನೆ ಮಾತ್ರ ಅಂದೂ ಸುದ್ದಿಯಾಗುವುದು ಅಪರೂಪ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ, ಅವಿಭಜಿತ ಆಂಧ್ರಪ್ರದೇಶದಲ್ಲಿ 22.66 ಲಕ್ಷ ಅಂಗವಿಕಲರಿದ್ದರು. ಇಷ್ಟು ದೊಡ್ಡ ಸಮುದಾಯ ಸುದ್ದಿಯ ವಸ್ತುವಷ್ಟೇ ಆಗಿ ಉಳಿಯದೆ ಸುದ್ದಿ ಬರೆಯುವ ಜಾಗಕ್ಕೂ ಬಂದದ್ದು ಹೇಗೆ?

ಈ ಕಥೆಯಲ್ಲಿ ತಪ್ಪಿಸಲಾಗದ ಹೆಸರು ಜಾವೇದ್ ಆಬಿದಿ. 1965ರಲ್ಲಿ ಅಲಿಗಢದಲ್ಲಿ ಹುಟ್ಟಿದ ಅವರಿಗೆ ಬೆನ್ನುಹುರಿಯ ಜನ್ಮದೋಷವಿತ್ತು; ಹದಿಹರೆಯದಿಂದಲೇ ಗಾಲಿಕುರ್ಚಿಯ ಬದುಕು. ಅಮೆರಿಕದ ಓಹಾಯೊ ರಾಜ್ಯದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ 1989ರಲ್ಲಿ ಭಾರತಕ್ಕೆ ಮರಳಿದರು. ಗಾಲಿಕುರ್ಚಿಗೆ ಹೊಂದುವಂತೆ ಕಟ್ಟಿದ ಕ್ಯಾಂಪಸ್ಸಿನಿಂದ ಬಂದವರಿಗೆ ದೆಹಲಿಯ ಒಂದೊಂದು ಮೆಟ್ಟಿಲೂ ಸುದ್ದಿಯಾಗಿ ಕಂಡಿರಬೇಕು. ಸ್ವಲ್ಪ ಕಾಲ ಸ್ವತಂತ್ರ ಪತ್ರಕರ್ತರಾಗಿ ಬರೆದ ಅವರು ಬಳಿಕ ಹೋರಾಟಕ್ಕೆ ಇಳಿದರು. ಪತ್ರಕರ್ತನ ಪಟ್ಟು ಅಲ್ಲಿಯೂ ಬಿಡಲಿಲ್ಲ. 1995ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲರ ಕಾಯ್ದೆಗೆ ಒಪ್ಪಿಗೆ ನೀಡಿದ್ದರ ಹಿಂದೆ ಅವರ ಸಂಗಾತಿಗಳು ಬೀದಿಯಲ್ಲೂ ಪತ್ರಿಕೆಗಳಲ್ಲೂ ಹೇರಿದ ಒತ್ತಡವಿತ್ತು.

ವಿಮಾನ ಪ್ರಯಾಣದ ಪ್ರಕರಣವನ್ನೇ ನೋಡಿ. ಅಂಧರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಕೊಡುತ್ತಿದ್ದ ಇಂಡಿಯನ್ ಏರ್‌ಲೈನ್ಸ್, ನಡೆಯಲಾಗದವರಿಗೆ ಅದನ್ನು ಕೊಡುತ್ತಿರಲಿಲ್ಲ. ವಿಮಾನದೊಳಗಿನ ಇಕ್ಕಟ್ಟಾದ ಓಣಿಯಲ್ಲಿ ಸಾಗಬಲ್ಲ ಕಿರಿದಾದ ಕುರ್ಚಿಗಾಗಿಯೂ ಆಬಿದಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಶೇ 80 ಅಥವಾ ಅದಕ್ಕಿಂತ ಹೆಚ್ಚು ಚಲನವೈಕಲ್ಯ ಉಳ್ಳವರಿಗೂ ಅದೇ ರಿಯಾಯಿತಿ ಸಲ್ಲಬೇಕೆಂದು ನ್ಯಾಯಾಲಯ ಹೇಳಿತು. 2001ರ ಜನಗಣತಿಯಲ್ಲಿ ಅಂಗವಿಕಲರನ್ನು ಎಣಿಸಬೇಕೆಂದು ಹಟ ಹಿಡಿದದ್ದೂ ಅವರೇ. ಆ ಎಣಿಕೆಯಲ್ಲಿ ಸಿಕ್ಕ ಸಂಖ್ಯೆ 2.19 ಕೋಟಿ. ವರದಿಗಾರನಿಗೆ ಅಂಕಿಅಂಶದ ಬೆಲೆ ಗೊತ್ತು: ಲೆಕ್ಕಕ್ಕೇ ಸಿಗದವರಿಗೆ ಬಜೆಟ್ಟಿನಲ್ಲಿ ಪಾಲು ಕೇಳುವುದು ಹೇಗೆ? ಮುಂದೆ ಅವರು ಮುನ್ನಡೆಸಿದ ಸಂಸ್ಥೆ ಅಂಗವೈಕಲ್ಯದ ಸುದ್ದಿಗಾಗಿಯೇ ಒಂದು ಸುದ್ದಿಸೇವೆಯನ್ನೂ ನಡೆಸಿತು. 2018ರಲ್ಲಿ ಆಬಿದಿ ತೀರಿಕೊಂಡರು.

ದಕ್ಷಿಣದಲ್ಲಿ ಬೇರೊಂದು ದಾರಿ ತೆರೆದಿತ್ತು. ಶ್ರವಣದೋಷವಿದ್ದ ಜಯಶ್ರೀ ರವೀಂದ್ರನ್ 1995ರಲ್ಲಿ ಚೆನ್ನೈನಲ್ಲಿ ಎಬಿಲಿಟಿ ಫೌಂಡೇಷನ್ ಕಟ್ಟಿ, ಎಲ್ಲ ಬಗೆಯ ಅಂಗವಿಕಲರನ್ನೂ ಒಳಗೊಳ್ಳುವ ‘ಸಕ್ಸೆಸ್ ಅಂಡ್ ಎಬಿಲಿಟಿ’ ಪತ್ರಿಕೆಯನ್ನು ಹೊರತಂದರು. ತೆಲುಗು ನೆಲದ ಎಸ್. ಜೈಪಾಲ್ ರೆಡ್ಡಿ ಎಳವೆಯಲ್ಲೇ ಪೋಲಿಯೊಗೆ ತುತ್ತಾಗಿ ಊರುಗೋಲು ಹಿಡಿದವರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ, ರಾಜಕಾರಣಕ್ಕೆ ಬಂದು, ಗುಜ್ರಾಲ್ ಸಂಪುಟದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಆಕಾಶವಾಣಿ, ದೂರದರ್ಶನಗಳನ್ನು ಪ್ರಸಾರ ಭಾರತಿಗೆ ಒಪ್ಪಿಸಿದ್ದು ಅವರ ಅವಧಿಯಲ್ಲೇ, 1997ರ ನವೆಂಬರ್‌ನಲ್ಲಿ. ಅವರನ್ನು ಅಂಗವೈಕಲ್ಯದ ಪತ್ರಕರ್ತ ಎನ್ನಲಾಗದು. ಆದರೂ ವಿಜಯವಾಡ, ವಿಶಾಖಪಟ್ಟಣದಿಂದ ಧಾರವಾಡದವರೆಗಿನ ಬಾನುಲಿ ಕೇಂದ್ರಗಳ ಹೊಣೆ ಊರುಗೋಲಿನ ಮನುಷ್ಯನ ಕೈಯಲ್ಲಿತ್ತು ಎಂಬುದು ಈ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ.

ಹೊರಗಿನ ಜಗತ್ತು ಅಂಗವಿಕಲರನ್ನು ಮಾಧ್ಯಮದೊಳಗೆ ಮೊದಲೇ ಕಂಡಿತ್ತು. ಬಿಬಿಸಿ ರೇಡಿಯೊದಲ್ಲಿ ಅಂಧರಿಗಾಗಿ ‘ಇನ್ ಟಚ್’ ಶುರುವಾದದ್ದು 1961ರಲ್ಲಿ. ಹುಟ್ಟಿನಿಂದಲೇ ಕಣ್ಣು ಕಾಣದ ಪೀಟರ್ ವೈಟ್ 1970ರ ದಶಕದಿಂದ ಅದರ ದನಿಯಾದರು.

ಬೆಂಗಳೂರಿಗೆ ಬಂದರೆ ಎಲ್. ಸುಬ್ರಮಣಿ ಸಿಗುತ್ತಾರೆ. ಅಕ್ಷಿಪಟಲದ ಕಾಯಿಲೆಯಿಂದ ಹರೆಯದಲ್ಲೇ ದೃಷ್ಟಿ ಕಳೆದುಕೊಂಡ ಅವರು ಡೆಕ್ಕನ್ ಹೆರಾಲ್ಡ್‌ನ ಸುದ್ದಿಮನೆಯಲ್ಲಿ ದುಡಿದರು. ತಮ್ಮ ಅನುಭವವನ್ನು 2014ರಲ್ಲಿ ‘ಲೈಟ್ಸ್ ಔಟ್’ ಎಂಬ ಇಂಗ್ಲಿಷ್ ಪುಸ್ತಕವಾಗಿ ಪ್ರಕಟಿಸಿದರು. ಅಂಥವರಿಗೆ ಕಂಪ್ಯೂಟರಿನ ಸ್ಕ್ರೀನ್ ರೀಡರ್ ತೆರೆಯ ಮೇಲಿನದನ್ನು ಓದಿ ಹೇಳುತ್ತದೆ. ಇಂಗ್ಲಿಷಿಗೆ ಇದು ಬೇಗ ಒದಗಿತು. ಕನ್ನಡದಲ್ಲಿ ಅಡ್ಡಿಯಾದದ್ದು ಅಕ್ಷರಗಳನ್ನು ಸಂಗ್ರಹಿಸಿಡುವ ಕ್ರಮ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಅದರೊಳಗೆ ಇರುವುದು ಇಂಗ್ಲಿಷಿನ ಪಿ, ಬ್ರಿಟನ್ನಿನ ಪೌಂಡ್ ಚಿಹ್ನೆ, ಕ್ಯೂ ಮತ್ತು ನಡುನಡುವೆ ಯುರೋಪಿನ ಭಾಷೆಗಳ ವಿಶೇಷ ಅಕ್ಷರಗಳು. ಕಣ್ಣಿರುವವರಿಗೆ ತೆರೆಯ ಮೇಲೆ ಚೆಂದದ ಕನ್ನಡ. ಕಿವಿಯಲ್ಲಿ ಓದುವವರಿಗೆ ಅರ್ಥವಿಲ್ಲದ ಸದ್ದು. ಸುದ್ದಿಮನೆಗಳು ಇಂಥ ಫಾಂಟುಗಳನ್ನೇ ನೆಚ್ಚಿದ್ದ ವರ್ಷಗಳಲ್ಲಿ ಕನ್ನಡದ ಅಂಧ ಪದವೀಧರರಿಗೆ ಉಪಸಂಪಾದಕರ ಮೇಜು ಮುಚ್ಚಿದ ಬಾಗಿಲೇ ಆಗಿತ್ತು. ಯುನಿಕೋಡ್ ಹರಡಿ, ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಕನ್ನಡ ಓದತೊಡಗಿದ ಮೇಲೆ ಅದು ಸ್ವಲ್ಪ ತೆರೆದಿದೆ. ಪುಟವನ್ನು ಬರಿಯ ಚಿತ್ರವಾಗಿ ಏರಿಸುವ ಇ-ಪೇಪರ್ ಮಾತ್ರ ಈಗಲೂ ಅವರಿಗೆ ಮೂಕ.

ಕಂಪ್ಯೂಟರನ್ನೇ ಬಿಟ್ಟು ಮಾಧ್ಯಮ ಕಟ್ಟಲು ಸಾಧ್ಯವೇ? ಬೆಂಗಳೂರಿನಲ್ಲಿ 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಸಂಸ್ಥೆಯ ‘ನಮ್ಮ ವಾಣಿ’ ಆ ದಿಕ್ಕಿನ ಪ್ರಯತ್ನ. ಇದಕ್ಕೆ ಸ್ಮಾರ್ಟ್‌ಫೋನ್ ಬೇಡ, ಓದುಬರಹವೂ ಬೇಡ. ಸಾದಾ ಮೊಬೈಲಿನಿಂದ ಕರೆ ಮಾಡಿದರೆ ರಾಜ್ಯದ ಇತರ ಅಂಗವಿಕಲರ ದನಿ ಕೇಳುತ್ತದೆ. ತಮ್ಮದನ್ನು ದಾಖಲಿಸಲು ಒಂದು ಗುಂಡಿ ಒತ್ತಿದರಾಯಿತು. ಕೆಲಸದ ಸುದ್ದಿ, ಸರ್ಕಾರಿ ಯೋಜನೆಯ ಮಾಹಿತಿ, ಸ್ವಂತ ಅನುಭವ ಎಲ್ಲಕ್ಕೂ ಅಲ್ಲಿ ಜಾಗವಿದೆ. ಪ್ರೆಸ್ ಕಾರ್ಡ್ ಇಲ್ಲದ ಇವರನ್ನು ಪತ್ರಕರ್ತರೆನ್ನಬಹುದೇ ಎಂದು ಕೆಲವರು ಕೇಳಬಹುದು. ತನ್ನವರಿಗೆ ಬೇಕಾದ ಸುದ್ದಿಯನ್ನು ತಂದು ಅವರದೇ ಮಾತಿನಲ್ಲಿ ಮುಟ್ಟಿಸುವವರಿಗೆ ಬೇರೆ ಹೆಸರು ಹುಡುಕಬೇಕಿಲ್ಲ.

2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಚರ್ಚೆಗೆ ಕಾನೂನಿನ ನೆಲೆ ಒದಗಿಸಿತು. ‘ಆಂಖ್ ಮಿಚೋಲಿ’ ಚಿತ್ರ ಅಂಗವಿಕಲರನ್ನು ಗೇಲಿ ಮಾಡಿದೆ ಎಂದು ಸ್ವತಃ ಅಂಗವಿಕಲರಾದ ನಿಪುಣ್ ಮಲ್ಹೋತ್ರಾ ದೂರಿದ್ದರು. ದೃಶ್ಯಮಾಧ್ಯಮವು ಹೀನಾಯ ಪದಗಳನ್ನು ಬಿಡಬೇಕು, ‘ನರಳುವವರು’, ‘ಬಲಿಪಶು’ ಎಂಬಂಥ ಬಣ್ಣನೆಗಳನ್ನು ತಪ್ಪಿಸಬೇಕು, ಕಥೆ ಕಟ್ಟುವಾಗ ಅಂಗವಿಕಲರನ್ನೇ ಜತೆಗೂಡಿಸಿಕೊಳ್ಳಬೇಕು, ಬರಹಗಾರರಿಗೂ ನಿರ್ದೇಶಕರಿಗೂ ತರಬೇತಿ ಕೊಡಬೇಕು ಎಂದು ಪೀಠ ಮಾರ್ಗಸೂಚಿ ನೀಡಿತು. ತೀರ್ಪಿನ ವಸ್ತು ಸಿನಿಮಾ. ಆದರೆ ಡಿಸೆಂಬರ್ 3ರ ವಿಶೇಷ ಪುಟ ರೂಪಿಸುವ ಕನ್ನಡ ಸಂಪಾದಕರೂ ಅದನ್ನು ಓದಬೇಕು. ಆ ಪುಟದ ಸಂಪಾದನೆಯನ್ನೇ ಅಂಗವಿಕಲ ಪತ್ರಕರ್ತರಿಗೆ ಒಪ್ಪಿಸಲು ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ.