ಅನಾಥ ಚೀಟಿ

ಗ್ರಂಥಾಲಯವೊಂದು ಹೊಸ ಸೂಚಿಯನ್ನು ತೆರೆಯಿತೆನ್ನಿ. ಅದನ್ನರಿತ ಗುಮಾಸ್ತ ಪುಸ್ತಕದೊಡನೆ ಸೂಚಿಯ ಚೀಟಿಯನ್ನೂ ಸೇರಿಸುತ್ತಾನೆ. ಅರಿಯದವನು ಪುಸ್ತಕವನ್ನು ಮಾತ್ರ ತೆಗೆದುಹಾಕುತ್ತಾನೆ. ಚೀಟಿ ಅನಾಥವಾಗುತ್ತದೆ. ಗೂಗಲ್ ತನ್ನ ಜಾಹೀರಾತಿನ ಲೆಕ್ಕವನ್ನು ಮೈಎಸ್‌ಕ್ಯೂಎಲ್‌ನಿಂದ ಎಫ್ ಒನ್ ಎಂಬ ದತ್ತಸಂಚಯಕ್ಕೆ ಸಾಗಿಸಿದಾಗ ಎದುರಾದ ತೊಡಕು ಇದೇ. ಹೊಸ ವಿನ್ಯಾಸ ಎಲ್ಲ ಗಣಕಗಳಿಗೂ ಏಕಕಾಲಕ್ಕೆ ತಲುಪದು. ವ್ಯವಹಾರವನ್ನು ನಿಲ್ಲಿಸುವಂತೆಯೂ ಇಲ್ಲ.

2013ರಲ್ಲಿ ಇಯಾನ್ ರೇ ಮತ್ತು ಸಂಗಡಿಗರು ಪ್ರಕಟಿಸಿದ ಪರಿಹಾರ, ನನ್ನ ಮಟ್ಟಿಗೆ, ಒಳ್ಳೆಯ ವ್ಯಾಕರಣಸೂತ್ರದಷ್ಟೇ ಸೊಗಸು. ಸೂಚಿಯಲ್ಲಿ ಮೊದಲು ಅಳಿಸಲು ಮಾತ್ರ ಅಪ್ಪಣೆ. ಅನಂತರ ಬರೆಯಲೂ ಅಪ್ಪಣೆ. ಹಳೆಯ ಸಾಲುಗಳಿಗೆಲ್ಲ ಚೀಟಿ ಬರೆದು ಮುಗಿದ ಮೇಲೆಯೇ ಓದು. ಏಕಕಾಲದಲ್ಲಿ ಬಳಕೆಯಲ್ಲಿರುವುದು ಹೆಚ್ಚೆಂದರೆ ಅಕ್ಕಪಕ್ಕದ ಎರಡೇ ವಿನ್ಯಾಸಗಳು. ಹಾಗಾಗಿ ಬರೆಯುವವನ ಜೊತೆಗಾರನಿಗೆ ಅಳಿಸಲಾದರೂ ಬಂದೇ ಬರುತ್ತದೆ. ವಿನ್ಯಾಸಕ್ಕೆ ಗುತ್ತಿಗೆಯಂತೆ ಅವಧಿಯುಂಟು. ಅದನ್ನು ನವೀಕರಿಸಿಕೊಳ್ಳಲಾರದ ಗಣಕ ತಾನಾಗಿಯೇ ಕೆಲಸ ಮುಗಿಸುತ್ತದೆ.