ರುಚಿ ಮತ್ತು ಪಥ್ಯ: ಕಲ್ಯಾಣದ ಅರಮನೆಯ ಊಟವನ್ನು ಕುರಿತು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ: ಕ್ರಿ.ಶ. ೧೧೨೬–೧೧೩೮) ‘ಮಾನಸೋಲ್ಲಾಸ’ವನ್ನು ನಾವು ಇಡ್ಲಿಯ ಪ್ರಾಚೀನತೆಗೆ ಆಧಾರವಾಗಿ ಉಲ್ಲೇಖಿಸುವುದುಂಟು. ಹೊರನಾಡಿನ ಸಭೆಗಳಲ್ಲಿ ಈ ಮಾತನ್ನು ಹೆಮ್ಮೆಯಿಂದಲೇ ಆಡುತ್ತೇವೆ. ಆದರೆ ಆ ಸಂಸ್ಕೃತ ಗ್ರಂಥದ ‘ಇಡರಿಕಾ’ ಉದ್ದಿನಿಂದ ಮಾಡಿದುದು. ಅಲ್ಲಿ ಅಕ್ಕಿಯ ಮಾತಿಲ್ಲ. ಹೆಸರಿನ ನಂಟನ್ನು ಅರಸುವ ಅವಸರದಲ್ಲಿ ಆ ಪ್ರಕರಣದ ಮುಖ್ಯ ವಿಚಾರವೇ ನಮ್ಮ ಕಣ್ತಪ್ಪಿದೆ.

ಪ್ರಕರಣದ ಹೆಸರು ‘ಅನ್ನಭೋಗ’. ಅರಸನ ಇಪ್ಪತ್ತು ಉಪಭೋಗಗಳಲ್ಲಿ ಅದೂ ಒಂದು. ಭೋಗವೆಂದ ಮೇಲೆ ನಾಲಗೆಯ ಸುಖವೇ ಪ್ರಧಾನವೆಂದು ನಾವು ಭಾವಿಸುತ್ತೇವೆ. ಆದರೆ ಋತುವಿಗೆ ತಕ್ಕ ಊಟದ ನಿಯಮವೂ ಅಲ್ಲಿಯೇ ಇದೆ: ವಸಂತದಲ್ಲಿ ಕಟು, ಗ್ರೀಷ್ಮದಲ್ಲಿ ಸಿಹಿ ಮತ್ತು ತಂಪು, ಶಿಶಿರದಲ್ಲಿ ಬಿಸಿ ಹಾಗೂ ಹುಳಿ. ಆಯುರ್ವೇದದ ಋತುಚರ್ಯೆಯೇ ಇಲ್ಲಿ ಭೋಗದ ಕ್ರಮವಾಗಿದೆ.

ಕಟುವೆಂದರೆ ಖಾರ. ನಮಗೆ ಖಾರವೆಂದೊಡನೆ ಮೆಣಸಿನಕಾಯಿ ನೆನಪಾಗುತ್ತದೆ. ಅದು ಪೋರ್ತುಗೀಸರ ಮೂಲಕ ೧೬ನೆಯ ಶತಮಾನದಲ್ಲಿ ಭಾರತಕ್ಕೆ ಬಂದುದು. ಕನ್ನಡವು ಹಳೆಯ ಮೆಣಸಿನ ಹೆಸರನ್ನೇ ಆ ಹೊಸ ಕಾಯಿಗೂ ಕೊಟ್ಟಿತು. ಸೋಮೇಶ್ವರನ ಇಡರಿಕೆಗೆ ಬೀಳುವುದು ಕಾಳುಮೆಣಸು, ಜೀರಿಗೆ, ಇಂಗು. ಉದ್ದು ಜೀರ್ಣಕ್ಕೆ ಗುರುವಾದ ಧಾನ್ಯ. ಈ ಮೂರೂ ಜಠರಾಗ್ನಿಯನ್ನು ಉದ್ದೀಪಿಸುವವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅವು ಪರಿಮಳಕ್ಕೋ ಪಚನಕ್ಕೋ ಎಂದು ಕೇಳಿದ್ದರೆ ಅರಮನೆಯ ಬಾಣಸಿಗನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವೇನೋ!

ಕನ್ನಡದಲ್ಲಿಯೂ ಈ ದೃಷ್ಟಿಗೆ ಆಧಾರಗಳುಂಟು. ೧೧ನೆಯ ಶತಮಾನದ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರ, ಸುಗಂಧದ್ರವ್ಯ ಮತ್ತು ವೈದ್ಯಗಳನ್ನು ಒಂದೇ ಗ್ರಂಥದಲ್ಲಿ ಅಳವಡಿಸಿದನು. ೧೬ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಸಸ್ಯಾಹಾರದ ಪಾಕಗಳಿಗಾಗಿಯೇ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಪಾಕವಿಧಾನಕ್ಕೆ ಷಟ್ಪದಿಯೇಕೆ ಎಂದು ಮೂಗು ಮುರಿಯುವ ವಿಮರ್ಶಕರಿರಬಹುದು. ಅಡುಗೆಯನ್ನು ಸವಿಯಲು ಬಲ್ಲವನು ಅದನ್ನು ಹಾಡಲೂ ಬಯಸಿದರೆ ನಮಗೆ ಅಚ್ಚರಿಯಿಲ್ಲ.

ಒಂದು ಮಾತನ್ನು ಮರೆಯಲಾಗದು. ಅನ್ನಭೋಗವು ಉಳ್ಳವರ ಊಟ. ಋತುವಿಗೊಂದು ರಸವನ್ನು ಆಯ್ದುಕೊಳ್ಳಲು ಉಗ್ರಾಣ ತುಂಬಿರಬೇಕು. ಆಯ್ಕೆಯಿಲ್ಲದವರ ಧಾನ್ಯಕ್ಕೆ ಕನ್ನಡ ಕಾವ್ಯದಲ್ಲಿ ಸ್ಥಾನ ದೊರೆತದ್ದು ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ. ಅಲ್ಲಿ ರಾಗಿಯು ನೆಲ್ಲಿನೊಡನೆ ವಾದಿಸಿ ಗೆಲ್ಲುತ್ತದೆ. ಗೆದ್ದದ್ದು ರುಚಿಯ ಬಲದಿಂದಲ್ಲ, ಆರು ತಿಂಗಳು ಸೆರೆಯಲ್ಲಿದ್ದೂ ಕೆಡದೆ ಉಳಿದುದರಿಂದ.