ತಾಮ್ರದ ವೈರ್ ಆದರೆ ಸಾಕು, ದಪ್ಪ ನೋಡಬೇಕಿಲ್ಲ ಎನ್ನುವುದು ನಿಜವೇ?

ಹೇಳಿಕೆ: “ಪಂಪ್‌ಸೆಟ್‌ಗೆ ತಾಮ್ರದ ವೈರ್ ಹಾಕಿ. ತಾಮ್ರದಲ್ಲಿ ಕರೆಂಟ್ ನಷ್ಟವಾಗುವುದಿಲ್ಲ, ತೆಳು ವೈರ್ ಆದರೂ ನಡೆಯುತ್ತದೆ.” ಇಂಥ ಸಲಹೆಯನ್ನು ನೀವೂ ಕೇಳಿರಬಹುದು.

ಸತ್ಯಾಂಶ: ಇದು ಅರ್ಧ ಸತ್ಯ. ಈ ಅರ್ಧ ಸತ್ಯವನ್ನು ನಂಬಿದರೆ ಮೋಟಾರ್ ಸುಡಬಹುದು.

ರೋಧಶೀಲತೆ ಬೇರೆ, ರೋಧ ಬೇರೆ

ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಈ ಎರಡು ಪದಗಳಲ್ಲೇ ಉತ್ತರವಿದೆ. ರೋಧಶೀಲತೆ ವಸ್ತುವಿನ ಗುಣ. ಅದು ತಾಮ್ರದಲ್ಲಿ ಕಡಿಮೆ, ಅಲ್ಯೂಮಿನಿಯಂನಲ್ಲಿ ಸ್ವಲ್ಪ ಹೆಚ್ಚು. ರೋಧ ಮಾತ್ರ ನಿಮ್ಮ ಕೈಯಲ್ಲಿರುವ ವೈರಿನದು. ವೈರ್ ಉದ್ದವಾದಷ್ಟೂ ಅದು ಹೆಚ್ಚುತ್ತದೆ, ದಪ್ಪವಾದಷ್ಟೂ ಇಳಿಯುತ್ತದೆ. 1 ಚದರ ಮಿ.ಮೀ. ಗಾತ್ರದ 100 ಮೀಟರ್ ವೈರಿನ ರೋಧ ತಾಮ್ರದಲ್ಲಿ ಸುಮಾರು 1.7 ಓಮ್, ಅಲ್ಯೂಮಿನಿಯಂನಲ್ಲಿ 2.8 ಓಮ್.

ಗೊರೂರಿನ ಲೆಕ್ಕ

ಗೊರೂರಿನ ಹೇಮಾವತಿ ಜಲಾಶಯದ ಆಸುಪಾಸಿನ ಒಂದು ತೋಟ ಎಂದುಕೊಳ್ಳೋಣ. ಮೀಟರ್ ಬೋರ್ಡ್‌ನಿಂದ ಪಂಪಿಗೆ 100 ಮೀಟರ್ ದೂರ. ಕರೆಂಟ್ ಹೋಗಿ ಬರಬೇಕು, ಹಾಗಾಗಿ ವೈರ್ 200 ಮೀಟರ್. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಸುಮಾರು 7 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್ ಹೀಗಿರುತ್ತದೆ:

• 1.5 ಚದರ ಮಿ.ಮೀ. ತಾಮ್ರ: ಸುಮಾರು 16 ವೋಲ್ಟ್
• 4 ಚದರ ಮಿ.ಮೀ. ಅಲ್ಯೂಮಿನಿಯಂ: ಸುಮಾರು 10 ವೋಲ್ಟ್
• 4 ಚದರ ಮಿ.ಮೀ. ತಾಮ್ರ: ಸುಮಾರು 6 ವೋಲ್ಟ್

ಗಮನಿಸಿ, ತೆಳು ತಾಮ್ರಕ್ಕಿಂತ ದಪ್ಪ ಅಲ್ಯೂಮಿನಿಯಮ್ಮೇ ಇಲ್ಲಿ ವಾಸಿ.

ಮೋಟಾರ್ ಸ್ಟಾರ್ಟ್ ಆಗುವಾಗ ಕೆಲವು ಕ್ಷಣ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಆಗ ನಷ್ಟವೂ ಅಷ್ಟೇ ಪಟ್ಟು ಏರುತ್ತದೆ. ಊರಿನಲ್ಲಿ ಮೊದಲೇ ವೋಲ್ಟೇಜ್ ಕಡಿಮೆಯಿದ್ದರೆ ಮೋಟಾರ್ ತಿರುಗದೆ ಬರೀ ಗುಂಯ್‌ಗುಡುತ್ತದೆ. ತಕ್ಷಣ ಆಫ್ ಮಾಡದಿದ್ದರೆ ವೈಂಡಿಂಗ್ ಸುಡುತ್ತದೆ.

ಹಾಗಾದರೆ ದೂರದ ಲೈನ್‌ಗಳು?

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಕೊಂಡೊಯ್ದಾಗಲೂ ಇದೇ ಸಮಸ್ಯೆಯಿತ್ತು. ಅಲ್ಲಿ ವೋಲ್ಟೇಜ್ ಏರಿಸಿ, ಕರೆಂಟ್ ಇಳಿಸಿ ನಷ್ಟ ತಗ್ಗಿಸಿದರು. ತೋಟದಲ್ಲಿ ಆ ದಾರಿಯಿಲ್ಲ. ವೈರಿನ ಗಾತ್ರವೇ ಗತಿ.

ಕೊನೆಯ ಮಾತು: ತಾಮ್ರ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಅಂಗಡಿಗೆ ಹೋಗುವ ಮೊದಲು ಮೋಟಾರಿನ ಎಚ್‌ಪಿ ಮತ್ತು ಬೋರ್ಡ್‌ನಿಂದ ಪಂಪಿನವರೆಗಿನ ದೂರ ಬರೆದುಕೊಳ್ಳಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಎರಡನ್ನೂ ಹೇಳಿ ಗಾತ್ರ ಕೇಳಿ. ತೆಳು ವೈರ್ ಸಾಕು ಎಂಬ ಫಾರ್ವರ್ಡ್ ಬಂದರೆ ಅಲ್ಲಿಗೇ ನಿಲ್ಲಿಸಿ.